ಪರದೆಯ ಮೇಲಿನ ಗೋಷ್ಠಿ

ಗೋಷ್ಠಿ ಎಂಬ ಮಾತಿನ ಬೇರಿನಲ್ಲಿ ದನದ ಹಟ್ಟಿಯಿದೆ. ಸಂಜೆ ಮೇದು ಬಂದ ದನಗಳು ಮೈಗೆ ಮೈ ತಾಗಿಸಿ ನಿಂತು ಮೆಲುಕು ಹಾಕುವ ಜಾಗ ‘ಗೋಷ್ಠ’. ಅಲ್ಲಿಂದ ಹೊರಟ ಶಬ್ದವೇ ಪಂಡಿತರ ಕೂಟಕ್ಕೂ ಕವಿಗಳ ಕೂಟಕ್ಕೂ ಹೆಸರಾಯಿತು. ಶಬ್ದಮೂಲವನ್ನು ಹಿಡಿದು ಜಗ್ಗುವುದು ಕನ್ನಡ ಅಧ್ಯಾಪಕರ ಹಳೆಯ ಚಾಳಿ, ವಾಚಕರು ಮನ್ನಿಸಬೇಕು. ಆದರೆ ಈ ಸಲ ಅದರಿಂದ ಸ್ವಲ್ಪ ಪ್ರಯೋಜನವುಂಟು. 2020ರ ಮಾರ್ಚಿ 25ರಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಾಗ ನಮ್ಮ ಸಾಹಿತ್ಯಗೋಷ್ಠಿಗಳು ಜೂಮ್, ಗೂಗಲ್ ಮೀಟ್ ಎಂಬ ಯಂತ್ರಗಳೊಳಗೆ ಹೋಗಿ ಕುಳಿತವು. ಒಬ್ಬೊಬ್ಬರಿಗೂ ಒಂದೊಂದು ಚೌಕ. ಮೈಗೆ ಮೈ ತಾಗುವ ಮಾತೇ ಇಲ್ಲ. ಹಟ್ಟಿಯೇ ಇಲ್ಲದ ಮೇಲೆ ಅದನ್ನು ಗೋಷ್ಠಿ ಎನ್ನಬಹುದೆ? ಎನ್ನಬಹುದಾದರೆ ಅದರ ಗುಣವೇನು, ದೋಷವೇನು? ಒಂದು ಕವನಸಂಕಲನವನ್ನು, ಒಂದು ನಾಟಕವನ್ನು ವಿಮರ್ಶಿಸುವ ನಾವು ಇಷ್ಟೊಂದು ಜನ ಇಷ್ಟೊಂದು ಕಾಲ ಕಳೆದ ಈ ಹೊಸ ರೂಪವನ್ನು ಮಾತ್ರ ‘ಕಷ್ಟಕಾಲದ ಏರ್ಪಾಡು’ ಎಂದು ಪಕ್ಕಕ್ಕೆ ಸರಿಸಿಬಿಟ್ಟೆವು. ಈಗ ಸಭಾಂಗಣಗಳು ಮತ್ತೆ ತೆರೆದು ಕೆಲವು ವರ್ಷಗಳಾಗಿವೆ. ತಣ್ಣಗೆ ಕುಳಿತು ಬೆಲೆ ಕಟ್ಟಲು ಇದು ತಕ್ಕ ಸಮಯ.

ಯಂತ್ರದ ಮೂಲಕ ಸಾಹಿತ್ಯ ಕೇಳುವುದು ನಮಗೆ ಹೊಸದಲ್ಲ. ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ತಮ್ಮ ಮನೆಯಿಂದಲೇ ಬಾನುಲಿಯನ್ನು ಆರಂಭಿಸಿದ್ದು 1935ರಲ್ಲಿ. ‘ಆಕಾಶವಾಣಿ’ ಎಂಬ ಹೆಸರು ಈ ದೇಶದ ಬಾನುಲಿಗೆ ಅಲ್ಲಿಂದಲೇ ಬಂತು. ಬಾನುಲಿ ಬಂದ ಮೇಲೆ ಭಾಷಣಕ್ಕೆ ಗಡಿಯಾರದ ಕಟ್ಟು ಬಿತ್ತು; ಗಂಟೆಗಟ್ಟಲೆ ಮಾತನಾಡುತ್ತಿದ್ದವರು ಹದಿನೈದು ನಿಮಿಷಕ್ಕೆ ಬರೆದು ಓದುವುದನ್ನು ಕಲಿತರು. 1978ರಲ್ಲಿ ನಿಸಾರ್ ಅಹಮದರ ಗೀತೆಗಳ ‘ನಿತ್ಯೋತ್ಸವ’, ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿಯಾಗಿ ಬಂದು, ಕಾವ್ಯವನ್ನು ಅಂಗಡಿಯ ಕಪಾಟಿಗೂ ಬಸ್ಸಿನ ಚಾಲಕನ ಪಕ್ಕಕ್ಕೂ ತಂದಿಟ್ಟಿತು. ಪ್ರತಿ ಯಂತ್ರವೂ ಕೇಳುವ ರೀತಿಯನ್ನು ಬದಲಿಸಿತು. ಬರೆಯುವ ರೀತಿಯನ್ನೂ ತುಸು ಬದಲಿಸಿತು. ಗುಂಪು ವಿಡಿಯೊ ಕರೆಯ ವಿಶೇಷವೆಂದರೆ, ಬಾನುಲಿಗೂ ಧ್ವನಿಸುರುಳಿಗೂ ಇಲ್ಲದ ಒಂದು ಗುಣ ಅದಕ್ಕಿದೆ: ಕೇಳುವವನು ತಿರುಗಿ ಮಾತನಾಡಬಲ್ಲ.

ಇದರ ಚರಿತ್ರೆ ಚಿಕ್ಕದು. ಗೂಗಲ್ ಸಂಸ್ಥೆ 2011ರಲ್ಲಿ ‘ಹ್ಯಾಂಗೌಟ್’ ಎಂಬ ಹೆಸರಿನಲ್ಲಿ ಹತ್ತು ಜನ ಮುಖ ನೋಡಿಕೊಂಡು ಮಾತನಾಡುವ ಏರ್ಪಾಡನ್ನು ಮಾಡಿತು. 2012ರಲ್ಲಿ ಆ ಹತ್ತು ಜನರ ಮಾತನ್ನು ಯೂಟ್ಯೂಬಿನ ಮೂಲಕ ಲೋಕಕ್ಕೆಲ್ಲ ನೇರವಾಗಿ ತೋರಿಸುವ ಸೌಲಭ್ಯವೂ ಎಲ್ಲರಿಗೂ ದಕ್ಕಿತು. 2019ರಲ್ಲಿ ಅದು ನಿಂತುಹೋಯಿತು. ನಿಂತ ಮರುವರ್ಷವೇ ಲೋಕಕ್ಕೆ ಅದರ ಅಗತ್ಯ ಬಿದ್ದದ್ದು ವಿಧಿಯ ಹಾಸ್ಯ. ಆ ವೇಳೆಗೆ ಎರಿಕ್ ಯುವಾನ್ ಎಂಬ ಚೀನೀ ಮೂಲದ ಎಂಜಿನಿಯರು ಅಮೆರಿಕದಲ್ಲಿ 2011ರಲ್ಲಿ ಸ್ಥಾಪಿಸಿದ್ದ ಜೂಮ್ ಸಿದ್ಧವಾಗಿತ್ತು. 2019ರ ಡಿಸೆಂಬರಿನಲ್ಲಿ ದಿನಕ್ಕೆ 1 ಕೋಟಿ ಹಾಜರಿ ಕಂಡಿದ್ದ ಅದು ಮರುವರ್ಷದ ಏಪ್ರಿಲ್ಲಿನಲ್ಲಿ 30 ಕೋಟಿ ಕಂಡಿತು. ಒಂದು ಸಂಗತಿಯನ್ನು ಮಾತ್ರ ನೆನಪಿಡಬೇಕು: ಈ ಯಂತ್ರವನ್ನು ಮಾಡಿದ್ದು ಕಚೇರಿಯ ಸಭೆಗಾಗಿ, ಕಾವ್ಯಕ್ಕಾಗಿ ಅಲ್ಲ. ನಾವು ಮುಂದೆ ಕಂಡ ಅನೇಕ ಎಡವಟ್ಟುಗಳ ಮೂಲ ಇಲ್ಲಿದೆ.

ನಮ್ಮಲ್ಲಿ ಯಾವ ಸಮಾರಂಭ ಪರದೆಗೆ ಬಂತು, ಯಾವುದು ಬರಲಿಲ್ಲ ಎಂಬುದು ಗಮನಿಸತಕ್ಕದ್ದು. 85ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಕಲಬುರಗಿಯಲ್ಲಿ ನಡೆದದ್ದು 2020ರ ಫೆಬ್ರವರಿಯಲ್ಲಿ, ಎಚ್. ಎಸ್. ವೆಂಕಟೇಶಮೂರ್ತಿಯವರ ಅಧ್ಯಕ್ಷತೆಯಲ್ಲಿ. 86ನೆಯದು ಹಾವೇರಿಯಲ್ಲಿ ದೊಡ್ಡರಂಗೇಗೌಡರ ಅಧ್ಯಕ್ಷತೆಯಲ್ಲಿ ಕೂಡಿದ್ದು 2023ರ ಜನವರಿಯಲ್ಲಿ. ನಡುವೆ ಮೂರು ವರ್ಷಕ್ಕೆ ಒಂದು ತಿಂಗಳು ಕಡಿಮೆ. ಅಷ್ಟು ಕಾಲ ಸಮ್ಮೇಳನ ಕಾದಿತೇ ಹೊರತು ಪರದೆಯ ಮೇಲೆ ಕೂಡಲಿಲ್ಲ. ಜಯಪುರದ ಸಾಹಿತ್ಯೋತ್ಸವ 2021ರ ಫೆಬ್ರವರಿಯಲ್ಲಿ ಪರದೆಯ ಮೇಲೆಯೇ ನಡೆದುಹೋಯಿತು. ನಮ್ಮದು ಏಕೆ ಹಾಗೆ ನಡೆಯಲಿಲ್ಲ? ಪರಿಷತ್ತಿನ ಆಡಳಿತದ ಕಾರಣಗಳು ಏನೇ ಇರಲಿ, ರಸಿಕನ ಕಣ್ಣಿನಿಂದ ನೋಡಿದರೆ ಉತ್ತರ ಸುಲಭ. ಸಮ್ಮೇಳನವೆಂದರೆ ಅಲ್ಲಿಯ ಭಾಷಣಗಳಲ್ಲ. ಮೆರವಣಿಗೆ, ಪುಸ್ತಕದ ಮಳಿಗೆ, ಊಟದ ಸಾಲು, ಹಳೆಯ ಗೆಳೆಯನ ಹಠಾತ್ ದರ್ಶನ, ಇವೇ ಸಮ್ಮೇಳನ. ವೇದಿಕೆಯ ಮೇಲಿನದು ಅದಕ್ಕೊಂದು ನೆಪ. ನೆಪವನ್ನಷ್ಟೆ ಪರದೆಗೆ ತಂದರೆ ಯಾರು ನೋಡುತ್ತಾರೆ? ಸಮ್ಮೇಳನ ಕಾದದ್ದೇ ಸರಿ.

ಚಿಕ್ಕ ಕೂಟಗಳ ಮಾತು ಬೇರೆ. ಕವಿಗೋಷ್ಠಿ, ಪುಸ್ತಕ ಬಿಡುಗಡೆ, ಉಪನ್ಯಾಸ, ಗಮಕವಾಚನ, ಹರಿಕಥೆ, ಭಜನೆ, ತಾಳಮದ್ದಳೆ ಎಲ್ಲವೂ ಪರದೆಗೆ ಬಂದವು. ಇವುಗಳಲ್ಲಿ ಯಾವುದು ಬದುಕಿತು, ಯಾವುದು ಸೊರಗಿತು ಎಂದು ನೋಡಿದರೆ ಯಂತ್ರದ ಗುಣವೂ ತಿಳಿಯುತ್ತದೆ, ನಮ್ಮ ಕಲಾರೂಪಗಳ ಒಳಗಿನ ಕಟ್ಟೂ ಹೊಸದಾಗಿ ಕಾಣುತ್ತದೆ.

ಭಜನೆಯನ್ನು ಮೊದಲು ನೋಡೋಣ. ಹತ್ತು ಮನೆಗಳಲ್ಲಿ ಕುಳಿತ ಹತ್ತು ಜನ ಒಟ್ಟಿಗೆ ಹಾಡಲು ಹೊರಟರೆ ಅದು ಹಾಡಾಗುವುದಿಲ್ಲ, ಸಂತೆಯಾಗುತ್ತದೆ. ಒಬ್ಬರ ದನಿ ಇನ್ನೊಬ್ಬರನ್ನು ಮುಟ್ಟಲು ತುಸು ಹೊತ್ತು ಹಿಡಿಯುತ್ತದೆ. ಮಾತಿಗಾದರೆ ಸೆಕೆಂಡಿನ ಸಾವಿರದಲ್ಲಿ 150 ಭಾಗದವರೆಗಿನ ವಿಳಂಬ ಬಾಧಕವಲ್ಲವೆಂದು ದೂರವಾಣಿಯ ತಜ್ಞರು ಗೊತ್ತುಮಾಡಿದ್ದಾರೆ. ತಾಳಕ್ಕೆ ಅಷ್ಟು ಸೈರಣೆಯಿಲ್ಲ; ಸಾವಿರದಲ್ಲಿ 25–30 ಭಾಗ ಮೀರಿದರೆ ಕೂಡಿ ಹಾಡುವವರ ಲಯ ಎಳೆಯತೊಡಗುತ್ತದೆ. ಆದ್ದರಿಂದ ಒಬ್ಬರು ಹಾಡಿ ಉಳಿದವರು ಬಾಯಿ ಮುಚ್ಚಿ ತುಟಿಯಾಡಿಸಿದ್ದೇ ಪರದೆಯ ಭಜನೆ. ತಾಳಮದ್ದಳೆಯಲ್ಲಿ ಭಾಗವತರೂ ಮದ್ದಳೆಯವರೂ ಒಂದೇ ಕೋಣೆಯಲ್ಲಿ ಕುಳಿತಿರಲೇಬೇಕು. ಅರ್ಥಧಾರಿಗಳು ಬೇಕಾದರೆ ಬೇರೆ ಊರಿನಲ್ಲಿ ಇರಬಹುದು. ಅಂದರೆ ಯಂತ್ರವು ತಾಳವನ್ನೂ ಮಾತನ್ನೂ ಬಿಡಿಸಿ ತೋರಿಸಿತು.

ಹರಿಕಥೆಗೆ ಆದ ಪೆಟ್ಟು ಇನ್ನೊಂದು ಬಗೆಯದು. ದಾಸರು ಒಂದು ಚಟಾಕಿ ಹಾರಿಸಿ ಒಂದು ಕ್ಷಣ ನಿಲ್ಲುತ್ತಾರೆ, ಸಭೆ ನಗುತ್ತದೆ, ನಗೆ ಇಳಿಯುವಷ್ಟರಲ್ಲಿ ಮುಂದಿನ ಮಾತು ಬರುತ್ತದೆ. ಪರದೆಯ ಮೇಲೆ ಎಲ್ಲರನ್ನೂ ‘ಮ್ಯೂಟ್’ ಮಾಡಿರುತ್ತಾರೆ. ದಾಸರು ನಿಂತ ಆ ಕ್ಷಣದಲ್ಲಿ ಏನೂ ಬರುವುದಿಲ್ಲ. ನಕ್ಕವರಿದ್ದರು, ನಗೆ ಮುಟ್ಟಲಿಲ್ಲ, ಅಷ್ಟೆ. ಮ್ಯೂಟ್ ತೆಗೆಯಿರಿ ಎಂದರೆ ಇನ್ನೊಂದು ತೊಡಕು: ಒಂದೇ ವೇಳೆಗೆ ಇಬ್ಬರು ದನಿಮಾಡಿದರೆ ಯಂತ್ರ ಒಬ್ಬರನ್ನು ಮುಂದೆ ತಂದು ಇನ್ನೊಬ್ಬರನ್ನು ತಗ್ಗಿಸುತ್ತದೆ. ಕಚೇರಿಯ ಸಭೆಯಲ್ಲಿ ಅದು ಶಿಸ್ತು. ಕಥೆಯಲ್ಲಿ ಅದು ಕೊಲೆ. ನಮ್ಮ ಹಳ್ಳಿಯ ಕಥೆಗಾರನಿಗೆ ‘ಹೂಂ’ಗುಟ್ಟುವವನೊಬ್ಬ ಎದುರಿಗೆ ಬೇಕು, ಅವನಿಲ್ಲದೆ ಕಥೆ ಮುಂದೆ ಸಾಗದು. ಪರದೆಯ ಮೇಲೆ ಯಾರಾದರೂ ‘ಹೂಂ’ ಎಂದರೆ ಕಥೆಗಾರನ ಮಾತೇ ತುಂಡಾಗಿ ‘ಹೂಂ’ ಎಂದವನ ಮುಖ ದೊಡ್ಡದಾಗಿ ಮೂಡುತ್ತದೆ!

ಇನ್ನು ಗದ್ದಲದ ವಿಚಾರ. ಮಾತಿನ ಹಿಂದಿನ ಸದ್ದನ್ನು ಅಳಿಸಿಹಾಕುವ ಜಾಣತನವನ್ನು ಈ ಯಂತ್ರಗಳಿಗೆ ಕಲಿಸಿದ್ದಾರೆ: ಬೀಸಣಿಗೆಯ ಗುಂಯ್ ಎನ್ನುವ ಸದ್ದು, ಬೀದಿಯ ಗಲಾಟೆ ಇತ್ಯಾದಿ. ಎಡೆಬಿಡದೆ ಒಂದೇ ಸಮನೆ ಬರುವ ದನಿಯೆಲ್ಲ ಅದರ ಕಿವಿಗೆ ಬೀಸಣಿಗೆಯೇ. ಹೀಗಾಗಿ ತಂಬೂರಿಯ ಶ್ರುತಿ ಮಾಯವಾಗಿ ಗಾಯಕನ ದನಿ ಮಾತ್ರ ಬರಿದಾಗಿ ಉಳಿಯುತ್ತದೆ. ‘ಒರಿಜಿನಲ್ ಸೌಂಡ್’ ಎಂಬ ಗುಂಡಿಯೊಂದನ್ನು ಒತ್ತಿದರೆ ಇದು ಸರಿಹೋಗುತ್ತದೆ, ನಿಜ. ಆದರೆ ಆ ಗುಂಡಿ ಇದೆಯೆಂದು ತಿಳಿದ ಸಂಘಟಕರು ವಿರಳ. ನಮ್ಮ ಜಿಲ್ಲೆಯ ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು, ಅವರದು ತಮಟೆ. ಆ ತಮಟೆಯನ್ನು ಈ ಯಂತ್ರದ ಮುಂದೆ ಹಾಗೆಯೇ ಇಟ್ಟರೆ, ರಾಷ್ಟ್ರ ಗೌರವಿಸಿದ ನಾದವನ್ನು ಅದು ಗದ್ದಲವೆಂದು ತಳ್ಳಿಹಾಕಲು ನೋಡುತ್ತದೆ. ಯಾವುದು ನಾದ, ಯಾವುದು ಗದ್ದಲ ಎಂದು ತೀರ್ಮಾನಿಸುವ ಅಧಿಕಾರವನ್ನು ನಾವು ಯಾರಿಗೆ ಕೊಟ್ಟಿದ್ದೇವೆ ಎಂಬ ಪ್ರಶ್ನೆ ಇಲ್ಲಿ ಏಳದೆ ಇರದು. ಈ ತೀರ್ಪನ್ನು ತಮಟೆಯ ಮೇಲೆ ಮನುಷ್ಯರೂ ಬಹುಕಾಲ ಹೇರಿದ್ದರೆಂಬುದನ್ನು ಮರೆಯುವಂತಿಲ್ಲ.

ಗೆದ್ದದ್ದು ಗಮಕ. ಇದು ನನಗೆ ಅನಿರೀಕ್ಷಿತವಾಗಿತ್ತು, ಯೋಚಿಸಿದಷ್ಟೂ ಸಹಜವೆನ್ನಿಸುತ್ತದೆ. ಗಮಕದಲ್ಲಿ ಒಬ್ಬರು ವಾಚಿಸುತ್ತಾರೆ, ಇನ್ನೊಬ್ಬರು ವ್ಯಾಖ್ಯಾನಿಸುತ್ತಾರೆ. ಒಬ್ಬರು ನಿಲ್ಲಿಸಿದ ಮೇಲೆಯೇ ಇನ್ನೊಬ್ಬರು. ಅಲ್ಲಿ ತಾಳದ ಬಿಗಿಯಿಲ್ಲ. ಛಂದಸ್ಸಿನ ನಡೆಯಿದೆ, ರಾಗದ ಛಾಯೆಯಿದೆ, ಅರ್ಥಕ್ಕೆ ತಕ್ಕ ನಿಲುಗಡೆಯಿದೆ. ಪದ್ಯಕ್ಕೂ ವ್ಯಾಖ್ಯಾನಕ್ಕೂ ನಡುವಿನ ಮೌನದಲ್ಲಿ ಯಂತ್ರದ ವಿಳಂಬ ಅಡಗಿಹೋಗುತ್ತದೆ. ಕುಮಾರವ್ಯಾಸನ ಭಾಮಿನಿಯಾಗಲಿ ಲಕ್ಷ್ಮೀಶನ ವಾರ್ಧಕವಾಗಲಿ, ವಾಚಕರು ಶಿವಮೊಗ್ಗದಲ್ಲಿ, ವ್ಯಾಖ್ಯಾನಕಾರರು ಬೆಂಗಳೂರಿನಲ್ಲಿ ಕುಳಿತರೂ ಕೆಡುವುದಿಲ್ಲ. ಕೇಳುವವರು ಪಠ್ಯವನ್ನು ಅದೇ ಪರದೆಯ ಮೇಲೆ ಕಣ್ಣಿನಿಂದ ಹಿಂಬಾಲಿಸಬಹುದು; ಇದು ಸಭಾಂಗಣದಲ್ಲಿ ಎಂದೂ ಇರದಿದ್ದ ಅನುಕೂಲ. ಹಳೆಗನ್ನಡ, ನಡುಗನ್ನಡವೆಂದರೆ ಬೆದರುವ ವಿದ್ಯಾರ್ಥಿಗೆ ಪದ್ಯ ಕಣ್ಣೆದುರು, ದನಿ ಕಿವಿಯೊಳಗೆ, ಅರ್ಥ ಹಿಂದೆಯೇ. ಶಿವಮೊಗ್ಗದ ಹೊಸಹಳ್ಳಿಯ ಗಮಕಿ ಎಚ್. ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಕೊನೆಯಲ್ಲಿ ಅವರು ತೀರಿಕೊಂಡರು. ಗಮಕ ಮುದುಕರ ಕಲೆ, ಮುಗಿಯಿತು ಎನ್ನುತ್ತಿದ್ದವರು ಈ ಹೊಸ ಯಂತ್ರಕ್ಕೆ ಅತ್ಯಂತ ಒಗ್ಗಿದ್ದು ಅದೇ ಹಳೆಯ ಕಲೆಯೆಂಬುದನ್ನು ಗಮನಿಸಬೇಕು.

ಕವಿಗೋಷ್ಠಿಯ ವಿಷಯದಲ್ಲಿ ನನ್ನ ಮನಸ್ಸು ಎರಡಾಗಿದೆ. ಸಭೆಯಲ್ಲಿ ದೊಡ್ಡ ದನಿಯ ಕವಿಗೆ ಸಿಗುವ ಅಗ್ಗದ ಚಪ್ಪಾಳೆ ಇಲ್ಲಿ ಇಲ್ಲ. ಕಿವಿಯ ಹತ್ತಿರವೇ ಓದಿದಂತಾಗುವುದರಿಂದ ಮೆಲುದನಿಯ ಕವಿತೆಗೆ ಇದು ಒಳ್ಳೆಯ ಜಾಗ. ಕೂಗು ಕವಿತೆ ಇಲ್ಲಿ ನಗೆಪಾಟಲು. ಇಷ್ಟರಮಟ್ಟಿಗೆ ಲಾಭವೇ. ಆದರೆ ಪಕ್ಕದಲ್ಲಿ ಒಂದು ಕಿರುಕಿಟಕಿ ತೆರೆದಿರುತ್ತದೆ, ಬರೆಯುವವರಿಗಾಗಿ. ಕವಿ ಎರಡನೆಯ ಸಾಲಿಗೆ ಬರುವ ಮುಂಚೆಯೇ ಅಲ್ಲಿ ‘ಅದ್ಭುತ ಸರ್’, ‘ಸೂಪರ್ ಮೇಡಂ’, ಕೈಮುಗಿದ ಚಿತ್ರಗಳು, ಹೂವಿನ ಚಿತ್ರಗಳು ಸಾಲುಗಟ್ಟುತ್ತವೆ. ಕವಿಯ ಕಣ್ಣೂ ಅತ್ತಲೇ. ಪ್ರಾಮಾಣಿಕವಾಗಿ ಒಬ್ಬರು ‘ಮೂರನೆಯ ಪದ್ಯ ಅನಗತ್ಯವಾಗಿತ್ತು’ ಎಂದು ಬರೆದರೆ ಆ ಮಾತು ಹೂಗಳ ನಡುವೆ ಮುಳ್ಳಾಗಿ ಎಲ್ಲರಿಗೂ ಕಾಣುತ್ತದೆ; ಸಭೆ ಮುಗಿದ ಮೇಲೆ ಕಾಫಿಯ ಲೋಟ ಹಿಡಿದು ಪಕ್ಕಕ್ಕೆ ಕರೆದು ಹೇಳುವ ದಾಕ್ಷಿಣ್ಯದ ವಿಮರ್ಶೆಗೆ ಇಲ್ಲಿ ಮೂಲೆಯೇ ಇಲ್ಲ. ಕನ್ನಡದ ಅರ್ಧ ವಿಮರ್ಶೆ ಆ ಕಾಫಿಯ ಲೋಟದ ಸುತ್ತ ನಡೆದದ್ದು ಎಂಬುದನ್ನು ಬಲ್ಲವರು ಬಲ್ಲರು.

ಇದಕ್ಕಿಂತ ದೊಡ್ಡ ದೋಷ ಯಂತ್ರದ್ದಲ್ಲ, ನಮ್ಮದು. ವೇದಿಕೆಯನ್ನು ಬಿಟ್ಟು ಬರಲು ಸಿಕ್ಕ ಅವಕಾಶವನ್ನು ನಾವು ವೇದಿಕೆಯನ್ನೇ ಹೊತ್ತು ತರಲು ಬಳಸಿದೆವು. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ಚಿತ್ರದಲ್ಲಿಯ ದೀಪಕ್ಕೆ ಚಿತ್ರದಲ್ಲಿಯ ಜ್ಯೋತಿ, ಉದ್ಘಾಟನೆ, ಅತಿಥಿಗಳ ಪರಿಚಯ, ನಿರೂಪಣೆ, ಅಧ್ಯಕ್ಷರ ನುಡಿ, ವಂದನಾರ್ಪಣೆ. ಹಣ ಕೊಡದೆ ಬಳಸುವವರಿಗೆ ಜೂಮ್ 40 ನಿಮಿಷವಾದೊಡನೆ ಬಾಗಿಲು ಹಾಕುತ್ತದೆ. ಸ್ವಾಗತ ಮುಗಿದು ಮುಖ್ಯ ಭಾಷಣಕಾರರು ಗಂಟಲು ಸರಿಮಾಡಿಕೊಳ್ಳುವ ಹೊತ್ತಿಗೆ ಸರಿಯಾಗಿ ಆ ಗಳಿಗೆ ಬರುತ್ತಿತ್ತು. ಎಲ್ಲರೂ ಹೊರಬಿದ್ದು, ಮತ್ತೆ ಲಿಂಕು ಹುಡುಕಿ, ಒಳಗೆ ಬಂದು, ‘ನನ್ನ ಧ್ವನಿ ಕೇಳಿಸುತ್ತಿದೆಯೆ?’ ಎಂಬ ಆ ಕಾಲದ ಮಂತ್ರವನ್ನು ಮತ್ತೊಮ್ಮೆ ಪಠಿಸಬೇಕು. ಯಂತ್ರ ಎಷ್ಟು ಸಲ ಪಾಠ ಹೇಳಿದರೂ ನಾವು ಸ್ವಾಗತವನ್ನು ಮೊಟಕು ಮಾಡಲಿಲ್ಲ. ಚಂದಾ ಎತ್ತಿ ಹಣ ಕಟ್ಟಿದೆವು.

ಕಾಲೇಜುಗಳಲ್ಲಿ ಇದು ‘ವೆಬಿನಾರ್’ ಎಂಬ ಹೆಸರಿನಲ್ಲಿ ಮಳೆಗಾಲದ ಅಣಬೆಯಾಯಿತು. ಮುಂಬಯಿಯಿಂದ ಒಬ್ಬರು ಕೇಳಿದರೆ ಅದು ರಾಷ್ಟ್ರಮಟ್ಟದ್ದು. ಮಗಳ ಮನೆಗೆಂದು ಅಮೆರಿಕಕ್ಕೆ ಹೋಗಿದ್ದವರು ಕೇಳಿದರೆ ಅಂತರರಾಷ್ಟ್ರೀಯ. ಉಪನ್ಯಾಸದ ಕೊನೆಗೆ ಒಂದು ಪ್ರಶ್ನಾವಳಿಯ ಲಿಂಕು ಬರುತ್ತದೆ. ಅದನ್ನು ತುಂಬಿದರೆ ಇ-ಪ್ರಮಾಣಪತ್ರ. ಪ್ರಮಾಣಪತ್ರ ಕೈಸೇರಿದ ಮರುಕ್ಷಣವೇ ಹಾಜರಿಯ ಸಂಖ್ಯೆ ಪಾತಾಳಕ್ಕೆ. ವಿಷಯ ಪಂಪನಾದರೇನು, ಪರಿಸರವಾದರೇನು? ನನ್ನ ವೃತ್ತಿಬಾಂಧವರು ಮುನಿಸಿಕೊಳ್ಳಬಾರದು. ಈ ರೋಗದ ಕಡತ ನಮ್ಮೆಲ್ಲರ ಬೀರುವಿನಲ್ಲೂ ಇದೆ.

ನಗೆಯ ಮಾತು ಸಾಕು. ಆ ಎರಡು ವರ್ಷಗಳಲ್ಲಿ ಕನ್ನಡ ಕಳೆದುಕೊಂಡದ್ದು ಕಡಿಮೆಯಲ್ಲ. 2020ರ ಮೇ 3ರಂದು ನಿಸಾರ್ ಅಹಮದ್. 2021ರ ಮಾರ್ಚಿಯಲ್ಲಿ ಲಕ್ಷ್ಮೀನಾರಾಯಣ ಭಟ್ಟರು. ಏಪ್ರಿಲ್ಲಿನಲ್ಲಿ 107 ವರ್ಷ ಬಾಳಿದ ಜಿ. ವೆಂಕಟಸುಬ್ಬಯ್ಯನವರು, ಜೂನ್ 11ರಂದು ಕೊರೊನಾಕ್ಕೆ ತುತ್ತಾಗಿ ಸಿದ್ಧಲಿಂಗಯ್ಯನವರು. ನಿಸಾರರು ನಮಗೆ ನೆರೆಯ ದೇವನಹಳ್ಳಿಯಲ್ಲಿ ಹುಟ್ಟಿದವರು. ಬೇರೆ ಕಾಲವಾಗಿದ್ದರೆ ಊರೂರಿನಲ್ಲೂ ಜನ ಸೇರಿ ಅವರ ಹಾಡನ್ನು ಹಾಡುತ್ತಿದ್ದರು. ಕೂಡುವುದೇ ಅಪರಾಧವಾಗಿದ್ದ ಆ ಮೇ ತಿಂಗಳಲ್ಲಿ ನುಡಿನಮನಕ್ಕೆ ಇದ್ದ ಹಾದಿ ಪರದೆಯೊಂದೇ. ಅಂಥ ಸಭೆಗಳಲ್ಲಿ ಕಡೆಗೆ ‘ಒಂದು ನಿಮಿಷ ಮೌನ’ ಎಂದು ಹೇಳುತ್ತಾರಲ್ಲ, ಆಗ ಈ ರೂಪದ ಮಿತಿ ನಿಚ್ಚಳವಾಗಿ ಕಾಣಿಸಿತು. ಸಭಾಂಗಣದಲ್ಲಿ ನೂರು ಜನ ಒಮ್ಮೆಗೇ ಎದ್ದು ನಿಂತಾಗ ಕುರ್ಚಿ ಸರಿಯುವ ಸದ್ದು, ಒಂದು ಕೆಮ್ಮು, ಬಿಗಿಹಿಡಿದ ಉಸಿರು ಎಲ್ಲ ಸೇರಿ ಮೌನಕ್ಕೆ ತೂಕ ಬರುತ್ತದೆ. ಪರದೆಯ ಮೇಲೆ ಎಲ್ಲರೂ ಮೊದಲಿನಿಂದಲೇ ಮ್ಯೂಟ್‌ನಲ್ಲಿದ್ದರು. ಆ ಮೌನಕ್ಕೂ ಅದಕ್ಕೆ ಹಿಂದಿನ ನಿಶ್ಶಬ್ದಕ್ಕೂ ಅಂತರವೇ ಇರಲಿಲ್ಲ. ಕೆಲವು ಚೌಕಗಳಲ್ಲಿ ಜನ ಎದ್ದು ನಿಂತರು. ಕ್ಯಾಮೆರಾ ಮೇಜಿನ ಮೇಲಿದ್ದುದರಿಂದ ಮುಖಗಳು ಮೇಲಕ್ಕೆ ಹೋಗಿ ಅಂಗಿಯ ಗುಂಡಿಗಳಷ್ಟೆ ಉಳಿದವು.

ನಮ್ಮ ಅಲಂಕಾರಶಾಸ್ತ್ರಜ್ಞರು ಪ್ರೇಕ್ಷಕನನ್ನು ‘ಸಾಮಾಜಿಕ’ ಎಂದು ಕರೆದರು. ಸಮಾಜದಲ್ಲಿ, ಎಂದರೆ ಕೂಟದಲ್ಲಿ, ಕುಳಿತವನು. ಕೂಡಿ ನೋಡುವವರ ಅನುಭವ ಒಬ್ಬರಿಂದ ಒಬ್ಬರಿಗೆ ಪ್ರತಿಫಲಿಸಿ ಹಿಗ್ಗುತ್ತದೆಂಬ ವಿಚಾರ ಸಾವಿರ ವರ್ಷದ ಹಿಂದೆಯೇ ಅಭಿನವಗುಪ್ತನಲ್ಲಿದೆ. ಪರದೆಯ ಮೇಲಿನ ಕೇಳುಗ ಸಹೃದಯನಾಗಿರಬಹುದು, ಸಾಮಾಜಿಕನಾಗುವುದು ಕಷ್ಟ. ರಸದ ಲೆಕ್ಕದಲ್ಲಿ ಪರದೆಗೆ ಸೋಲು ಎಂದು ನಾನು ಒಪ್ಪುತ್ತೇನೆ.

ಆದರೆ ರಸದ ಲೆಕ್ಕವೊಂದೇ ಲೆಕ್ಕವೆ? ಕೂಟದ ಸುಖವನ್ನು ಕುರಿತು ಮಾತನಾಡುವಾಗ ಕೂಟಕ್ಕೆ ಯಾರು ಬರಬಲ್ಲರು ಎಂದು ಕೇಳಬೇಕಾಗುತ್ತದೆ. ಚಿಕ್ಕಬಳ್ಳಾಪುರ ತಾಲ್ಲೂಕಿನ ಮಂಡಿಕಲ್ ಹೋಬಳಿಯನ್ನೇ ತೆಗೆದುಕೊಳ್ಳಿ. ಇಲ್ಲಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಎರಡು ಗಂಟೆಗೆ ಕಡಿಮೆಯಿಲ್ಲ. ಚಾಮರಾಜಪೇಟೆಯ ಪರಿಷತ್ತಿನಲ್ಲೋ ಬಸವನಗುಡಿಯಲ್ಲೋ ಸಂಜೆ ಐದೂವರೆಗೆ ಕಾರ್ಯಕ್ರಮವೆಂದರೆ, ಕೇಳಿ ಮುಗಿಸಿ ಹಳ್ಳಿಯ ಕಡೆಯ ಬಸ್ಸು ಹಿಡಿಯುವುದು ಗಂಡಸರಿಗೇ ದುಸ್ತರ. ಓದುವ ಹೆಣ್ಣುಮಕ್ಕಳಿಗೆ ಅದು ಆಗದ ಮಾತು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡಿಕೊಂಡು ಬೆಳೆದ ಈ ಸೀಮೆಯ ಮಕ್ಕಳಿಗೆ ಒಳ್ಳೆಯ ಕನ್ನಡವನ್ನು ಕಿವಿಯಿಂದ ಕೇಳುವ ಅವಕಾಶ ಮೊದಲೇ ಕಡಿಮೆ. ಪರದೆಯ ಗೋಷ್ಠಿ ಅವರಿಗೆ ಒಂದು ಬಾಗಿಲಾಗಿತ್ತು. ಸುಲಭದ ಬಾಗಿಲೆಂದು ಹೇಳಲಾರೆ: ಮನೆಗೊಂದೇ ಫೋನು, ಅದು ಹೊಲಕ್ಕೆ ಹೋದ ಅಣ್ಣನ ಜೇಬಿನಲ್ಲಿ, ಸಿಗ್ನಲ್ಲಿಗಾಗಿ ಮಾಳಿಗೆಯ ಮೇಲೋ ಕೆರೆಯ ಏರಿಯ ಮೇಲೋ ನಿಲ್ಲಬೇಕು, ದಿನದ ಡೇಟಾ ಮುಗಿದರೆ ವಾಕ್ಯದ ನಡುವೆಯೇ ಕತ್ತಲು. ಆದರೂ ನಿಂತರು, ಕೇಳಿದರು.

ಅವರ ಚೌಕಗಳು ಯಾವಾಗಲೂ ಕಪ್ಪಾಗಿರುತ್ತಿದ್ದವು. ‘ಮುಖ ತೋರಿಸಲು ಏನು ಧಾಡಿ?’ ಎಂದು ನಗರದ ಸಂಘಟಕರು ಗೊಣಗುತ್ತಿದ್ದರು. ಹಿಂದೆ ಕಾಣುವ ಗೋಡೆಯನ್ನು, ರೇಷ್ಮೆಹುಳುವಿನ ತಟ್ಟೆಗಳನ್ನು, ನಡುಮನೆಯಲ್ಲಿ ಮಲಗಿದ ಅಜ್ಜಿಯನ್ನು ಅಪರಿಚಿತರಿಗೆ ತೋರಿಸಲು ಎಲ್ಲರಿಗೂ ಇಷ್ಟವಿರುವುದಿಲ್ಲ. ಪುಸ್ತಕದ ಕಪಾಟಿನ ಮುಂದೆ ಕುಳಿತವರಿಗೆ ಅದು ಹೊಳೆಯಲಿಲ್ಲ. ಆ ಕಪ್ಪು ಚೌಕದ ಹಿಂದಿನಿಂದ ಒಂದು ಪ್ರಶ್ನೆ ಬಂದಾಗ ಮಾತ್ರ ಉಪನ್ಯಾಸಕಾರರು ಬೆಚ್ಚಿಬೀಳುತ್ತಿದ್ದರು. ಸಭಾಂಗಣದ ಹಿಂದಿನ ಸಾಲಿನ ಹುಡುಗಿ ಎದ್ದು ಮೈಕಿನವರೆಗೆ ನಡೆದುಬಂದು ಹಿರಿಯ ವಿದ್ವಾಂಸರನ್ನು ಪ್ರಶ್ನಿಸುವುದು ನಮ್ಮಲ್ಲಿ ಎಷ್ಟು ಸಲ ನಡೆದಿದೆ? ಇಲ್ಲಿ ಮುಂದಿನ ಸಾಲು, ಹಿಂದಿನ ಸಾಲು ಎಂಬುದಿರಲಿಲ್ಲ. ಎಲ್ಲ ಚೌಕಗಳೂ ಒಂದೇ ಅಳತೆ.

ಸಭಾಂಗಣಗಳು ತೆರೆದೊಡನೆ ಈ ಬಾಗಿಲು ಮುಚ್ಚಿತು. ‘ಮುಚ್ಚಿಲ್ಲವಲ್ಲ, ಯೂಟ್ಯೂಬಿನಲ್ಲಿ ನೇರ ಪ್ರಸಾರವಿದೆ’ ಎನ್ನುತ್ತಾರೆ. ಅದು ಬೇರೆ, ಇದು ಬೇರೆ. ಹಿಂದಿನ ಗೋಡೆಗೆ ಒರಗಿಸಿ ನಿಲ್ಲಿಸಿದ ಕ್ಯಾಮೆರಾ ಬಾನುಲಿಗೆ ಕಣ್ಣು ಕೊಟ್ಟ ಹಾಗೆ. ನೋಡಬಹುದು, ಕೇಳಬಹುದು, ಕೇಳಿ ಕೇಳುವಂತಿಲ್ಲ. ಸಭೆಯಲ್ಲಿದ್ದವರ ಪ್ರಶ್ನೆಗೆ ಉತ್ತರ ಸಿಗುತ್ತದೆ. ಮಂಡಿಕಲ್ಲಿನವಳ ಪ್ರಶ್ನೆ ಪಕ್ಕದ ಕಿಟಕಿಯಲ್ಲಿ ಹೂವಿನ ಚಿತ್ರಗಳ ಕೆಳಗೆ ಹೂತುಹೋಗುತ್ತದೆ. ಬಾಗಿಲು ತೆರೆದಿಟ್ಟರೆ ಪುಂಡರು ನುಗ್ಗುತ್ತಾರೆಂಬ ಭಯವೂ ಸುಳ್ಳಲ್ಲ. 2023ರ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟಿನ ವಿಡಿಯೊ ಕಲಾಪಕ್ಕೇ ಕಿಡಿಗೇಡಿಗಳು ನುಗ್ಗಿ ಅಸಭ್ಯ ದೃಶ್ಯ ತೋರಿಸಿದ್ದರಿಂದ ಕೆಲಕಾಲ ಆ ಸೌಲಭ್ಯವನ್ನೇ ನಿಲ್ಲಿಸಬೇಕಾಯಿತು. ಆದರೆ ಇಪ್ಪತ್ತು ಜನರ ಸಾಹಿತ್ಯಗೋಷ್ಠಿಗೆ ಹೆಸರು ಕೇಳಿ ಒಳಗೆ ಬಿಡುವ ‘ಕಾಯುವ ಕೋಣೆ’ಯ ಏರ್ಪಾಡು ಸಾಕು. ಅದಕ್ಕೆ ಬಾಗಿಲಲ್ಲಿ ಒಬ್ಬರು ಎಚ್ಚರವಾಗಿದ್ದರೆ ಆಯಿತು.

ದೊಡ್ಡ ಸಮಾರಂಭಗಳನ್ನು ಪರದೆಗೆ ತರುವ ಹಂಬಲ ನನಗಿಲ್ಲ. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ ಸೇರಿದಂಥ ಸಮ್ಮೇಳನ ಮಂಡ್ಯದಲ್ಲೇ ಸೇರಲಿ. ಹ್ಯಾಂಗೌಟಿನ ಹಳೆಯ ಮಿತಿಯಾದ ಹತ್ತು ಜನವೇ ಗೋಷ್ಠಿಗೆ ಸರಿಯಾದ ಅಳತೆಯಾಗಿತ್ತೆಂದು ಈಗ ಅನ್ನಿಸುತ್ತದೆ; ಹತ್ತು ಜನ ಮಾತನಾಡಬಹುದು, ನೂರು ಜನ ಮಾತನಾಡಲಾರರು. ಜಿಲ್ಲೆಯ, ತಾಲ್ಲೂಕಿನ ಪರಿಷತ್ತಿನ ಘಟಕಗಳು ವಾರಕ್ಕೊಮ್ಮೆ, ಭಾನುವಾರ ಬೆಳಿಗ್ಗೆ ದನಕರುಗಳ ಕೆಲಸ ಮುಗಿದ ಮೇಲೆ, ಒಂದು ಗಮಕವನ್ನು ಈ ರೀತಿ ಏರ್ಪಡಿಸಬಹುದು. ವಾಚನ ಶಿವಮೊಗ್ಗದಿಂದ, ವ್ಯಾಖ್ಯಾನ ಮೈಸೂರಿನಿಂದ, ಪ್ರಶ್ನೆ ಮಂಡಿಕಲ್ಲಿನಿಂದ ಬರಲಿ. ಹಣ ಕಟ್ಟುವ ಅಗತ್ಯವೂ ಇಲ್ಲ. ಭಾಮಿನಿಯ ಹತ್ತು ಪದ್ಯಗಳನ್ನು ನಿಧಾನವಾಗಿ ಓದಿ, ಅರ್ಥ ಹೇಳಿ, ಎರಡು ಪ್ರಶ್ನೆಗೆ ಉತ್ತರ ಕೊಡಲು 40 ನಿಮಿಷ ಧಾರಾಳವಾಗಿ ಸಾಕು, ಸ್ವಾಗತ ಭಾಷಣವನ್ನು ಬಿಟ್ಟರೆ.